ದವಡೆ ಸೆಟೆತಕ್ಕೆ ಹಲ್ಲು ಕೀಳುವ ಮುನ್ನ

ಮಾನ್ಯ ಸಂಪಾದಕರೇ,

ನನ್ನ ತಾಯಿಯವರ ಕೆಳದವಡೆ 3 ವರ್ಷಗಳ ಹಿಂದೆ ಮಾತಿನ ನಡುವೆಯೇ ತಾನಾಗಿ ಬಿಗಿದುಕೊಳ್ಳತೊಡಗಿದಾಗ ನಾವು ಮೊದಲು ಹೋದದ್ದು ಹಲ್ಲಿನ ವೈದ್ಯರಲ್ಲಿಗೆ. 2 ದವಡೆ ಹಲ್ಲುಗಳನ್ನು ಕೀಳಿಸಿದ್ದಾಯಿತು, ಸೆಟೆತ ಮಾತ್ರ ಹಾಗೆಯೇ ಉಳಿಯಿತು. ಆಮೇಲೆ ಇನ್ನೊಬ್ಬರು ಇದೆಲ್ಲ ಮನಸ್ಸಿನ ಒತ್ತಡವೆಂದು ನಿದ್ರೆಮಾತ್ರೆ ಬರೆದುಕೊಟ್ಟರು. ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡರೆ ದವಡೆ ಸಡಿಲವಾಗುತ್ತದೆ ಎಂದು ಅಮ್ಮ ಹೇಳುತ್ತಿದ್ದುದನ್ನು ಮನೆಯವರಾದ ನಾವೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕೊನೆಗೆ ಕಂಡ ನರರೋಗ ತಜ್ಞರು ಹಿಡಿದುಕೊಂಡದ್ದು ಆ ಲವಂಗದ ಮಾತನ್ನೇ. ಗದ್ದ ಮುಟ್ಟಿಕೊಂಡಾಗಲೋ ಬಾಯಲ್ಲಿ ಏನನ್ನಾದರೂ ಇಟ್ಟುಕೊಂಡಾಗಲೋ ಸೆಟೆತ ಇಳಿಯುವುದು ಡಿಸ್ಟೋನಿಯಾದ ಒಂದು ಗುರುತು, ಇದು ಹಲ್ಲಿನ ತೊಂದರೆಯಲ್ಲ, ಸ್ನಾಯುಗಳ ಚಲನೆಯನ್ನು ಹತೋಟಿಯಲ್ಲಿಡುವ ಮಿದುಳಿನ ತೊಂದರೆ ಎಂದು ಅವರು ತಿಳಿಸಿದರು.

ಈ ಕಾಯಿಲೆಯನ್ನು ರಕ್ತಪರೀಕ್ಷೆ, ಸ್ಕ್ಯಾನ್‌ಗಳು ತಾವಾಗಿ ತೋರಿಸಿಕೊಡುವುದಿಲ್ಲ, ಬೇರೆ ಕಾರಣಗಳನ್ನು ಹುಡುಕಲು ಅವು ಬೇಕಾಗುತ್ತವೆ. ಹಾಗೆಂದು ಬಾಯಿ ಬಿಗಿದದ್ದೆಲ್ಲ ಡಿಸ್ಟೋನಿಯಾವೂ ಅಲ್ಲ. ಗುಟ್ಕಾ, ಅಡಿಕೆ ಜಗಿದು ಕೆನ್ನೆಯ ಒಳಪದರ ಗಡುಸಾದವರಿಗೂ ಬುದ್ಧಿಹಲ್ಲಿನ ಬುಡದಲ್ಲಿ ಕೀವು ಕಟ್ಟಿದವರಿಗೂ ಬಾಯಿ ತೆರೆಯಲಾಗುವುದಿಲ್ಲ. ಗಾಯವಾದ ನಂತರದ ದಿನಗಳಲ್ಲಿ ದವಡೆ ಕಟ್ಟಿಕೊಂಡರೆ ಅದು ಧನುರ್ವಾಯು ಇರಬಹುದು, ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೋಪ್ರಮೈಡ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೋಪೆರಿಡಾಲ್‌ನಂಥ ಔಷಧಿಗಳಿಂದಲೂ ಕೆಲವರಿಗೆ, ಅದರಲ್ಲೂ ಎಳೆಯ ವಯಸ್ಸಿನವರಿಗೆ, ಇದ್ದಕ್ಕಿದ್ದಂತೆ ದವಡೆ, ನಾಲಿಗೆ ತಿರುಚಿಕೊಳ್ಳುವುದುಂಟು. ನೋಡಿದವರು ಮೈಮೇಲೆ ದೆವ್ವ ಬಂದಿದೆ ಎಂದುಕೊಂಡರೂ ಆಶ್ಚರ್ಯವಿಲ್ಲ, ಆದರೆ ಪ್ರೊಮೆಥಜಿನ್‌ನಂಥ ಒಂದು ಚುಚ್ಚುಮದ್ದಿಗೆ ಅದು ಸಾಮಾನ್ಯವಾಗಿ ಬೇಗನೆ ಇಳಿಯುತ್ತದೆ. ಆದ್ದರಿಂದ ಇತ್ತೀಚೆಗೆ ನುಂಗಿದ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತಪ್ಪದೆ ತೋರಿಸಬೇಕು.

ಅಮ್ಮನಿಗೆ ಮಾತ್ರೆಗಳಿಂದ ಹೆಚ್ಚೇನೂ ಗುಣ ಕಾಣಲಿಲ್ಲ, ಬಾಯಿ ಒಣಗಿದ್ದೇ ಬಂತು. ಕೈಹಿಡಿದದ್ದು ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು. ಸುಕ್ಕು ಅಳಿಸಲು ಸಿರಿವಂತರು ಹಾಕಿಸಿಕೊಳ್ಳುವ ಬೊಟಾಕ್ಸ್ ಎಂದೇ ಜನ ಬಲ್ಲ ಈ ಮದ್ದನ್ನು, ಬಿಗಿಯುತ್ತಿರುವ ಸ್ನಾಯು ಯಾವುದೆಂದು ಗುರುತಿಸಿ ಅಳತೆಯಾಗಿ ಕೊಟ್ಟರೆ ಸುಮಾರು 3ರಿಂದ 4 ತಿಂಗಳು ದವಡೆ ಹಗುರವಾಗಿರುತ್ತದೆ. ಸ್ನಾಯು ತಪ್ಪಿದರೆ ಅಥವಾ ಅಳತೆ ಮೀರಿದರೆ ನುಂಗುವುದಕ್ಕೇ ಕಷ್ಟವಾಗಬಹುದು, ಹಾಗಾಗಿ ಇದು ತರಬೇತಿ ಪಡೆದ ಕೈಗಳಿಂದಲೇ ಆಗಬೇಕಾದ ಕೆಲಸ.

ಎಕ್ಸ್‌ರೇಯಲ್ಲಿ ಹುಳುಕಾಗಲಿ ಕೀವಾಗಲಿ ಕಾಣದಿದ್ದಾಗ ಇಕ್ಕಳ ಹಿಡಿಯುವ ಮುನ್ನ ಇಂಥ ರೋಗಿಗಳನ್ನು ನರರೋಗ ತಜ್ಞರ ಬಳಿ ಕಳುಹಿಸಬೇಕೆಂದು ದಂತವೈದ್ಯರಲ್ಲಿ ನನ್ನ ವಿನಂತಿ. ಈ ಚುಚ್ಚುಮದ್ದು ಕೊಡಬಲ್ಲವರು ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಇರುವಂತೆ ಆರೋಗ್ಯ ಇಲಾಖೆ ನೋಡಿಕೊಂಡರೆ, ಎಪ್ಪತ್ತು ದಾಟಿದ ತಾಯಿಯನ್ನು ಕರೆದುಕೊಂಡು ವರ್ಷಕ್ಕೆ 3-4 ಸಲ ಬೆಂಗಳೂರಿನ ರಾತ್ರಿ ರೈಲು ಹತ್ತುವುದು ನಮಗೆ ತಪ್ಪುತ್ತದೆ.

ಇಂತಿ,
ಒಬ್ಬ ಓದುಗ, ಶಿವಮೊಗ್ಗ