ಮರ ಬೇಡ ಮಾರಾಯ, ರಾಗಿ ಬಿತ್ತು

ಪ್ರೀತಿಯ ಗೆಳೆಯಾ,

"ಕ್ರಿಸ್ಮಸ್‌ಗೆ ಅಂತ ಒಬ್ಬನೇ ಇರುವವನು ಮನೆ ಸಿಂಗಾರ ಮಾಡುವುದು ಯಾರಿಗೆ ತೋರಿಸಲಿಕ್ಕೆ?" ಅಂತ ಕೇಳಿದ್ದೀ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಉತ್ತರ ಬರೆದರೆ ನೀನು ಹೆಬ್ಬೆರಳಿನ ಚಿತ್ರ ಒತ್ತಿ ಮಲಗಿಬಿಡುತ್ತೀ. ಅದಕ್ಕೇ ಈ ಪತ್ರ. ನಿನ್ನ ಹಾಗೆ ದೂರದಲ್ಲಿರುವ ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಸಿಟ್ಟಾಗಬೇಡ, ನಿನ್ನ ಹೆಸರು ಬರೆದಿಲ್ಲ.

ಅಲ್ಲಿ ಜರ್ಮನಿಯ ಆಸ್ಪತ್ರೆಯಲ್ಲಿ ಡಿಸೆಂಬರ್ 24ರ ರಾತ್ರಿ ಡ್ಯೂಟಿಯನ್ನು ನೀನೇ ಕೇಳಿ ಹಾಕಿಸಿಕೊಂಡೆಯಂತೆ, ಮಕ್ಕಳಿರುವ ನರ್ಸುಗಳಿಗೆ ರಜೆ ಸಿಗಲಿ ಅಂತ. ನಿನ್ನ ಅಮ್ಮ ಹೆಮ್ಮೆಯಿಂದ ಹೇಳಿದರು. ನಾನು ನಂಬಲಿಲ್ಲ. ಯಾಕೆಂದರೆ ಕುವೈತ್‌ನ ಮೊದಲ ವರ್ಷ ನಾನೂ ಇದೇ ಆಟ ಆಡಿದವನು. ಅಲ್ಲಿ ಡಿಸೆಂಬರ್ 25 ಎಂದರೆ ಮಾಮೂಲಿ ಕೆಲಸದ ದಿನ. ಅದು ಸಾಲದು ಅಂತ ಓವರ್‌ಟೈಮ್ ಬೇರೆ ಹಾಕಿಸಿಕೊಂಡೆ. ರೂಮಿಗೆ ಬಂದು ಖುಬೂಸ್ ರೊಟ್ಟಿ, ಮೊಸರು ತಿಂದು ಗೋಡೆ ಕಡೆ ಮುಖ ಮಾಡಿ ಮಲಗಿದೆ. ರೂಮಿನಲ್ಲಿ ವಿಜಯಪುರ ಕಡೆಯ ಹಿರಿಯರೊಬ್ಬರಿದ್ದರು. "ಇವತ್ತ ನಿಮ್ಮ ಹಬ್ಬ ಅಲ್ಲೇನೋ? ಸೂತಕದಾಗ ಇದ್ದಂಗ ಹಿಂಗ್ಯಾಕ ಬಿದ್ದೀ?" ಅಂದರು. ಆ ಸೂತಕ ಅನ್ನುವ ಮಾತು ಚುಚ್ಚಿತು. ಹೌದಲ್ಲ, ಯಾರೂ ಸತ್ತಿಲ್ಲ. ಅಪ್ಪ ಅಮ್ಮ ಊರಿನಲ್ಲಿ ಗಟ್ಟಿಮುಟ್ಟಾಗಿದ್ದಾರೆ. ನನಗೆ ರಜೆ ಸಿಕ್ಕಿಲ್ಲ, ಅಷ್ಟೆ.

ಮರುವರ್ಷ ನಕ್ಷತ್ರ ಕಟ್ಟಿದೆ. ಬಿದಿರು ಎಲ್ಲಿಂದ ತರುವುದು? ಹಣ್ಣಿನ ಪೆಟ್ಟಿಗೆಯ ತೆಳು ಪಟ್ಟಿ, ಬಣ್ಣದ ಕಾಗದ, ಮೈದಾ ಅಂಟು. ಒಳಗೆ 40 ವಾಟ್‌ನ ಬಲ್ಬ್ ಇಟ್ಟು ಕಿಟಕಿಗೆ ತೂಗುಹಾಕಿದೆ. ಎರಡನೇ ರಾತ್ರಿ ಕೆಂಪು ಕಾಗದ ಸುಟ್ಟು ಕಂದಾಗಿ ವಾಸನೆ ಬಂತು. ನಮ್ಮ ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ, ಈಜಿಪ್ಟಿನ ಮುದುಕ. ಬಾಗಿಲು ಬಡಿದ. ಬೈಗುಳ ಖಂಡಿತ ಅಂದುಕೊಂಡೆ. ಅವನು ಹೇಳಿದ್ದು: ಬಲ್ಬ್ ಬದಲಿಸು, ಇದನ್ನು ಮಾತ್ರ ತೆಗೆಯಬೇಡ, ರಾತ್ರಿ ದೂರದಿಂದಲೇ ನಮ್ಮ ಕಟ್ಟಡ ಯಾವುದು ಅಂತ ಗೊತ್ತಾಗುತ್ತದೆ. ಯಾರಿಗೆ ತೋರಿಸಲಿಕ್ಕೆ ಅನ್ನುವ ನಿನ್ನ ಪ್ರಶ್ನೆಗೆ ನನಗೆ ಸಿಕ್ಕಿದ ಉತ್ತರ ಆ ಮುದುಕ.

ನೀನು ಕಳಿಸಿದ ಫೋಟೊದಲ್ಲಿ ಎದುರಿನ ಬಾಲ್ಕನಿಯ ನಕ್ಷತ್ರ ಉಂಟಲ್ಲ, ಮೈತುಂಬ ಮೊನೆ ಇರುವುದು, ಅದರ ಕತೆ ಗೊತ್ತಾ? ನಿನ್ನ ಲೈಪ್‌ಜಿಗ್ ಇರುವ ಸ್ಯಾಕ್ಸನಿಯಲ್ಲೇ ಹೆರ್ನ್‌ಹೂಟ್ ಎಂಬ ಊರು ಉಂಟು, ಅದರ ಹೆಸರಿನ ನಕ್ಷತ್ರ ಅದು. 19ನೇ ಶತಮಾನದಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಸಭೆಯ ಬೋರ್ಡಿಂಗ್ ಶಾಲೆಗಳಲ್ಲಿ ಮಕ್ಕಳು ರೇಖಾಗಣಿತ ಕಲಿಯುತ್ತಾ ಮಾಡಿದ್ದು. ಆ ಮಕ್ಕಳಲ್ಲಿ ಬಹಳ ಮಂದಿಯ ತಂದೆತಾಯಿ ಮಿಶನ್ ಕೆಲಸಕ್ಕೆ ಸಮುದ್ರದಾಚೆ ಹೋದವರು. ಆಗಮನ ಕಾಲದ, ಅಂದರೆ ಕ್ರಿಸ್ಮಸ್‌ಗೆ ಕಾಯುವ ವಾರಗಳ, ಮೊದಲ ಭಾನುವಾರ ಕೂತು ಅಂಟಿಸುತ್ತಿದ್ದರಂತೆ. ಹಸಿರು ಸುತ್ತಿದ ಚಕ್ರಕ್ಕೆ ಮೇಣದಬತ್ತಿ ಸಿಕ್ಕಿಸುತ್ತೇವಲ್ಲ, ಅದೂ ಹಾಗೆಯೇ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ವಿಕರ್ನ್ ಎಂಬ ಪಾದ್ರಿ, ಹಬ್ಬಕ್ಕೆ ಇನ್ನೆಷ್ಟು ದಿನ ಅಂತ ಮಕ್ಕಳು ಪೀಡಿಸುವುದನ್ನು ತಾಳಲಾರದೆ ಗಾಡಿಯ ಚಕ್ರಕ್ಕೆ ಬತ್ತಿ ನಿಲ್ಲಿಸಿದರು. ದಿನಕ್ಕೊಂದು ಚಿಕ್ಕದು, ಭಾನುವಾರಕ್ಕೊಂದು ದೊಡ್ಡದು. ಎರಡೂ ಹಾಸ್ಟೆಲ್ ಮಕ್ಕಳ ಕೈಕೆಲಸ, ನಮ್ಮಂಥವರದ್ದು. ತುಂಬಿದ ಮನೆಯವರು ಆಮೇಲೆ ಎರವಲು ತೆಗೆದುಕೊಂಡರು.

ನೀನೂ ಒಂದು ನಕ್ಷತ್ರ ಕಟ್ಟು. ಆದರೆ ಕ್ರಿಸ್ಮಸ್ ಮರ ಮಾತ್ರ ತರಬೇಡ. ನನ್ನ ಖಡಕ್ ಅಭಿಪ್ರಾಯ. ಮರಕ್ಕೆ ಸುತ್ತ ಜನ ಬೇಕು, ಅಡಿಯಲ್ಲಿ ಪೊಟ್ಟಣ ಬೇಕು. ಹಾಕುವುದೂ ಕಷ್ಟವಲ್ಲ. ಜನವರಿ 6ರ ಮೂರು ರಾಯರ ಹಬ್ಬ ಮುಗಿದ ಮೇಲೆ ಒಬ್ಬನೇ ಕೂತು ಮರದ ಬಣ್ಣದ ಗುಂಡುಗಳನ್ನು ಒಂದೊಂದಾಗಿ ಬಿಚ್ಚಿ ಕಾಗದ ಸುತ್ತುವುದುಂಟಲ್ಲ, ಆ ಸಂಜೆ ನಿನಗೆ ಬೇಡ.

ರಾಗಿ ಬಿತ್ತು. ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ದೃಶ್ಯಕ್ಕೆ, ನಿನ್ನ ಅಜ್ಜಿ ತೆಂಗಿನ ಕರಟದಲ್ಲಿ ಬಿತ್ತುತ್ತಿದ್ದರಲ್ಲ, ಹಾಗೆ. ಇಡಿ ರಾಗಿ ಸಿಗದಿದ್ದರೆ ಗೋಧಿ, ಅದೂ ಇಲ್ಲದಿದ್ದರೆ ಇಂಡಿಯನ್ ಅಂಗಡಿಯ ಮೆಂತೆ. ಒಂದು ರಾತ್ರಿ ನೆನೆಹಾಕಿ, ಹೀಟರಿನ ಹತ್ತಿರ ಇಡು, ಮೇಲೆ ಇಟ್ಟು ಬೇಯಿಸಬೇಡ. ಅಲ್ಲಿಯ ಚಳಿಗೆ ಎರಡು ವಾರ ಮುಂಚೆ ಹಾಕಿದರೆ ಒಳ್ಳೆಯದು. ನೀನಿರುವ ಕಡೆಯ ಜರ್ಮನರಲ್ಲೂ ಇಂಥದ್ದೊಂದು ಕ್ರಮ ಉಂಟು. ಡಿಸೆಂಬರ್ 4ರಂದು, ಸಂತ ಬಾರ್ಬರಾ ಹಬ್ಬಕ್ಕೆ, ಚೆರ್ರಿ ರೆಂಬೆ ಕಡಿದು ನೀರಿನಲ್ಲಿಡುತ್ತಾರೆ, ಕ್ರಿಸ್ಮಸ್‌ಗೆ ಹೂ ಬಿಡಲಿ ಅಂತ. ಪೆಟ್ಟಿಗೆಯಿಂದ ತೆಗೆದಿಡುವ ಅಲಂಕಾರಕ್ಕೆ ನೀನು ಬೇಕಾಗಿಲ್ಲ. ಇದಕ್ಕೆ ಬೇಕು. ನೈಟ್ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುವ ಮೊದಲು ಒಂದು ಚಮಚ ನೀರು ಹಾಕಬೇಕು.

ಗೋದಲಿಯ ಬೊಂಬೆ ಇಲ್ಲ ಅಂತ ಹೇಳಬೇಡ. 1223ರಲ್ಲಿ ಗ್ರೆಚ್ಚೊ ಎಂಬ ಇಟಲಿಯ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ಗೋದಲಿ ಮಾಡಿಸಿದಾಗ ಇದ್ದದ್ದು ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ. ಅದನ್ನು ಬರೆದಿಟ್ಟವರು ಮರಿಯಮ್ಮ, ಜೋಸೆಫರ ವೇಷ ಹಾಕಿ ಯಾರನ್ನಾದರೂ ನಿಲ್ಲಿಸಿದರು ಅಂತ ಹೇಳುವುದಿಲ್ಲ. ನಿನ್ನ ಹತ್ತಿರ ಹುಲ್ಲಾದರೂ ಇರುತ್ತದೆ. ಕತ್ತೆಗೆ ನೀನೇ ಉಂಟಲ್ಲ.

ನಿನ್ನ ಅಮ್ಮ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ, ಪಾರ್ಸೆಲ್ ಕಳಿಸಿದ್ದಾರೆ. ಕಿಡಿಯೊ, ತುಕ್ಡಿ ಸರಿಯಾಗಿ ತಲುಪುತ್ತವೆ. ನೆವ್ರಿ ಪುಡಿಯಾಗಿರುತ್ತದೆ, ಚಮಚದಲ್ಲಿ ತಿನ್ನು. "ಚೆನ್ನಾಗಿ ಬಂತು" ಅಂತಲೇ ಹೇಳು. ಮತ್ತೆ, 24ರ ಮಧ್ಯಾಹ್ನ ಎರಡಕ್ಕೆಲ್ಲ ಅಲ್ಲಿ ಅಂಗಡಿ ಮುಚ್ಚುತ್ತವೆ, 25, 26 ಎರಡು ದಿನವೂ ರಜೆ. ಹಾಲು ಬ್ರೆಡ್ಡು ಮೊದಲೇ ತಂದಿಡು.

ಇನ್ನೊಂದು ಮಾತು. ಕಳೆದ ವಾರ ನೀನು ವೀಡಿಯೊ ಕಾಲ್ ಮಾಡಿದಾಗ ಬರೀ ಬಿಳಿ ಗೋಡೆ ಕಾಣುತ್ತಿತ್ತು. ನಿನ್ನ ಅಮ್ಮ ಫೋನ್ ಇಟ್ಟ ಮೇಲೆ "ಅವನ ಹಿಂದೆ ಏನೂ ಇರಲಿಲ್ಲ, ನೋಡಿದೆಯಾ?" ಅಂದರು. ಈ ಸಲ ನಮ್ಮ ಇಗರ್ಜಿಯಲ್ಲಿ (ಚರ್ಚಿನಲ್ಲಿ) 24ರ ಹಬ್ಬದ ಪೂಜೆ ಸಂಜೆ ಏಳಕ್ಕೆ. ಮುಗಿಸಿ ಅಮ್ಮನನ್ನು ಮನೆಗೆ ಬಿಡುವಾಗ ಒಂಬತ್ತಾಗುತ್ತದೆ, ನಿನಗೆ ನಾಲ್ಕೂವರೆ. ಡ್ಯೂಟಿಗೆ ಹೊರಡಲು ಇನ್ನೂ ಹೊತ್ತಿರುತ್ತದೆ, ಅಲ್ಲಿ ಕತ್ತಲೆ ಕವಿಯುತ್ತಿರುತ್ತದೆ. ಆಗ ನಕ್ಷತ್ರದ ಸ್ವಿಚ್ ಹಾಕಿ ಕಾಲ್ ಮಾಡು. ಎಲ್‌ಇಡಿ ಬಲ್ಬೇ ಹಾಕು ಮಾರಾಯ.

ಇಂತಿ,
ನಿನ್ನ ಹಳೇ ಬೆಂಚ್‌ಮೇಟ್