ಇಂಗುಗುಂಡಿ ತೋಡಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆಗಾಲಕ್ಕೆ ಮುಂಚೆ ಇಂಗುಗುಂಡಿ ಮಾಡಿಸೋಣ ಅಂತ ಹಲವರು ಜೆಸಿಬಿ ವಿಚಾರಿಸುತ್ತಿದ್ದೀರಿ. ಒಳ್ಳೆಯದೇ. ಆದರೆ ಬೆಂಗಳೂರಿನ ಬೀದಿಗಳ ಅಡಿಯಲ್ಲಿ ಕರೆಂಟ್ ಕೇಬಲ್, ಕಾವೇರಿ ಪೈಪು, ಗ್ಯಾಸ್ ಲೈನು, ಇಂಟರ್‌ನೆಟ್ ಫೈಬರ್ ಎಲ್ಲಾ ಇರಬಹುದು. ಅಗೆಯುವ ಮೊದಲು ಬೆಸ್ಕಾಂ (1912), ಜಲಮಂಡಳಿ (1916) ಎರಡಕ್ಕೂ ಫೋನ್ ಮಾಡಿ. ಗ್ಯಾಸ್ ಕಂಪನಿಯ ನಂಬರ್ ಬಿಲ್ಲಿನಲ್ಲೇ ಇರುತ್ತದೆ. ಕಂಟ್ರಾಕ್ಟರ್ ಇದ್ದರೆ ಕೇಂದ್ರ ಸರ್ಕಾರದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್‌ನಲ್ಲೂ ತಿಳಿಸಲು ಹೇಳಿ. 2023ರ ಮಾರ್ಚ್‌ನಲ್ಲಿ ಬಂದದ್ದು, ಇಂಥ ಕೆಲಸಕ್ಕಾಗಿಯೇ.

ಕೇಬಲ್ ಹುಡುಕುವ ಯಂತ್ರ ತಂದರೆ ಸಾಕು ಅಂದುಕೊಳ್ಳಬೇಡಿ. ಅದು ಲೋಹದ ಪೈಪು, ಕೇಬಲ್‌ಗಳನ್ನು ಹಿಡಿಯುತ್ತದೆ. ಹಳದಿ ಗ್ಯಾಸ್ ಪೈಪು ಪ್ಲಾಸ್ಟಿಕ್ಕಿನದು, ಜೊತೆಗೆ ತಂತಿ ಹಾಕಿರದಿದ್ದರೆ ಯಂತ್ರಕ್ಕೆ ಸಿಗುವುದೇ ಇಲ್ಲ. ಹಳೆಯ ನಕ್ಷೆಯಲ್ಲಿರುವ ಆಳವನ್ನೂ ಪೂರ್ತಿ ನಂಬುವಂತಿಲ್ಲ. ರಸ್ತೆ ಎಷ್ಟು ಸಲ ಎತ್ತರಿಸಿದ್ದಾರೆ, ನೋಡಿದ್ದೀರಲ್ವಾ?

ಹಾಗಾಗಿ ಮೊದಲು ಸಲಿಕೆಯಿಂದ ಸಣ್ಣ ಗುಂಡಿ ತೋಡಿ ನೋಡಿ. ಹಾರೆ, ಪಿಕಾಸಿಯಿಂದ ಜೋರಾಗಿ ಕುಟ್ಟುವುದು ಬೇಡ. ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ, ಮರಳಿನ ಪದರ ಅಥವಾ ಸಾಲಾಗಿ ಜೋಡಿಸಿದ ಇಟ್ಟಿಗೆ ಕಂಡರೆ ಕೆಳಗೆ ಲೈನ್ ಇದೆ ಅಂತಲೇ ತಿಳಿಯಿರಿ.

ಗ್ಯಾಸ್ ವಾಸನೆ ಬಂದರೆ ಜೆಸಿಬಿ ಬಿಟ್ಟು ಎಲ್ಲರೂ ದೂರ ಹೋಗಿ. ಬೀಡಿ, ಸ್ವಿಚ್ಚು ಬೇಡ, ಫೋನೂ ದೂರ ಹೋದ ಮೇಲೇ. ಕೇಬಲ್ ಸ್ವಲ್ಪ ಗೀಚಿದರೂ ಸುಮ್ನೆ ಮಣ್ಣು ಮುಚ್ಚಬೇಡಿ, 1912ಕ್ಕೆ ಹೇಳಿ.

ಅಗೆಯುವ ದಿನ ಗೊತ್ತಾದರೆ ಇಲ್ಲೇ ಹಾಕಿ, ಅಕ್ಕಪಕ್ಕದವರಿಗೂ ತಿಳಿಯುತ್ತದೆ.