ಕಿತ್ತುಕೊಂಡು ಹೋದ ಫೋನು ‘ಕಳೆದುಹೋದ’ ಲೆಕ್ಕಕ್ಕೆ ಸೇರಿದ್ದು ಹೇಗೆ? ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರ.

ವರ್ಷವೇ ಕಳೆಯಿತು, ನಮ್ಮ ದೂರಿಗೆ ಇನ್ನೂ ಎಫ್‌ಐಆರ್ ಆಗಿಲ್ಲ. ಹಾಗಾಗಿ ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ.

ನಮ್ಮಮ್ಮ ಬಸ್ ಸ್ಟಾಪಿನಲ್ಲಿ ಚಿಕ್ಕಮ್ಮನ ಜತೆ ಫೋನಿನಲ್ಲಿ ಮಾತಾಡುತ್ತಿದ್ದರು. ಬೈಕಿನಲ್ಲಿ ಬಂದ ಇಬ್ಬರು ಫೋನು ಕಿತ್ತುಕೊಂಡರು. ಅಮ್ಮ ಬಿದ್ದರು, ಮೊಣಕೈ ತರಚಿ ರಕ್ತ ಬಂತು. ಬ್ಯಾಂಡೇಜು ಹಾಕಿಸಿಕೊಂಡು ಸೀದಾ ಠಾಣೆಗೆ ಹೋದೆವು. ಅಲ್ಲಿ ಕೂರಿಸಿದರು, ನೀರು ಕೊಟ್ಟರು. ಆಮೇಲೆ ಶುರುವಾಯಿತು: "ಕಿತ್ಕೊಂಡು ಹೋದ್ರು ಅಂತ ಬರೆದ್ರೆ ಕೇಸಾಗುತ್ತೆ, ಕೋರ್ಟಿಗೆ ಅಲೀಬೇಕು. ಕಳೆದುಹೋಯ್ತು ಅಂತ ಇ-ಲಾಸ್ಟ್‌ನಲ್ಲಿ ಹಾಕಿ, ಹೊಸ ಸಿಮ್ ಇವತ್ತೇ ಸಿಗುತ್ತೆ." ಇ-ಲಾಸ್ಟ್ ಅಂದರೆ ಕಳೆದುಹೋದ ವಸ್ತುಗಳನ್ನು ಬರೆಸುವ ಪೊಲೀಸರ ಆನ್‌ಲೈನ್ ವ್ಯವಸ್ಥೆ, ಎಫ್‌ಐಆರ್ ಅಲ್ಲ.

"ಕಳೆದುಹೋದ್ರೆ ಕೈ ಯಾಕಪ್ಪಾ ತರಚುತ್ತೆ?" ಅಂತ ಅಮ್ಮ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಸಂಜೆಯಾಯಿತು, ಅಮ್ಮನ ಶುಗರ್ ಮಾತ್ರೆಯ ಹೊತ್ತೂ ಆಯಿತು. ಇ-ಲಾಸ್ಟ್ ಚೀಟಿ ಹಿಡಿದು ಮನೆಗೆ ಬಂದೆವು. ಮೇಲಧಿಕಾರಿಗಳಿಗೆ ಅಂಚೆಯಲ್ಲಿ ದೂರು ಕಳಿಸಿದೆ. ತಲುಪಿದೆ ಅಂತ ಗೊತ್ತಾಯಿತು, ಅಷ್ಟೇ.

ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ. ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ ಲಲಿತಾ ಕುಮಾರಿ ಪ್ರಕರಣದ ತೀರ್ಪು ಬಂದದ್ದು 2013ರಲ್ಲಿ. ದೂರು ಬರೆದುಕೊಳ್ಳುವ ಬಗ್ಗೆ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನಾದ ಬಿಎನ್‌ಎಸ್‌ಎಸ್‌ನ 173ನೇ ಸೆಕ್ಷನ್ ಇದೆ. ಮೊದಲು ವಿಚಾರಿಸಿ ನೋಡುತ್ತೇವೆ ಅಂದರೂ 14 ದಿನ ಅಷ್ಟೇ. ಐಪಿಸಿ ಬದಲಿಗೆ ಬಂದ ಬಿಎನ್‌ಎಸ್‌ನಲ್ಲಿ ಕಿತ್ತುಕೊಂಡು ಓಡುವುದಕ್ಕೇ ಅಂತ 304 ಎಂಬ ಹೊಸ ಸೆಕ್ಷನ್ ಬಂದಿದೆ. ಬಳಸಲಿಕ್ಕೇ ತಾನೇ ಅದು? ದಯವಿಟ್ಟು ಎಫ್‌ಐಆರ್ ಹಾಕಿಸಿ.

ವರ್ಷದ ಕೊನೆಗೆ ಅಪರಾಧ ಇಳಿದಿದೆ ಅಂತ ಪತ್ರಿಕಾಗೋಷ್ಠಿ ಮಾಡುವುದು ಸುಲಭ. ಬರೆದುಕೊಳ್ಳದಿದ್ದರೆ ಇಳಿಯದೆ ಇನ್ನೇನು? ಎಫ್‌ಐಆರ್ ಆಗದ ಕಳವು ದೇಶದ ಅಪರಾಧಗಳ ಲೆಕ್ಕ ಇಡುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ಪಟ್ಟಿಗೆ ಬರುವುದೇ ಇಲ್ಲ. ಎಫ್‌ಐಆರ್ ಆದರೂ ಪೂರ್ತಿ ಲೆಕ್ಕ ಸಿಗಲ್ಲ. ಒಂದೇ ಕೇಸಿನಲ್ಲಿ ನಾಲ್ಕು ಅಪರಾಧ ಇದ್ದರೆ ದೊಡ್ಡದೊಂದನ್ನೇ ಎಣಿಸುತ್ತಾರೆ. ಕೇಸು ಜಾಸ್ತಿಯಾಗುವುದು ಬೇರೆ, ಅಪರಾಧ ಜಾಸ್ತಿಯಾಗುವುದು ಬೇರೆ ಅಂತ ಆ ಬ್ಯೂರೋದವರೇ ತಮ್ಮ ವರದಿಯಲ್ಲಿ ಹೇಳಿದ್ದಾರೆ. ಬ್ರಿಟನ್ನಿನಲ್ಲಿ 1982ರಿಂದಲೇ ಪೊಲೀಸ್ ಲೆಕ್ಕ ಸಾಲದು ಅಂತ ಜನರನ್ನೇ ಕೇಳಿ ಸಮೀಕ್ಷೆ ಮಾಡುತ್ತಾರೆ. ನಮ್ಮನ್ನು ಯಾರೂ ಕೇಳುವುದು ಬೇಡ, ಹೇಳಲು ಬಂದವರನ್ನು ವಾಪಸ್ ಕಳಿಸದಿದ್ದರೆ ಸಾಕು.

ಕೇಸು ಕಮ್ಮಿ ಬರೆದುಕೊಂಡ ಠಾಣೆಗೆ ಶಭಾಷ್ ಅನ್ನುವುದನ್ನು ನಿಲ್ಲಿಸಿ. ಮುಂದಿನ ಸಲ ಕಳವಿನ ಲೆಕ್ಕ ಓದುವಾಗ ಪಕ್ಕದಲ್ಲೇ ಇ-ಲಾಸ್ಟ್‌ನ ಫೋನುಗಳ ಲೆಕ್ಕವನ್ನೂ ಓದಿ. ಅದಕ್ಕೂ ಮೊದಲು ನಮ್ಮಮ್ಮನ ದೂರಿಗೆ ಎಫ್‌ಐಆರ್ ಹಾಕಿಸಿ, ಸ್ವಾಮಿ.

ಇಂತಿ,
ಬೆಂಗಳೂರಿನ ಒಬ್ಬ ನಿವಾಸಿ